ತಾನಾಗಿ ಹರಿಯುವ ನೀರಿಗೂ ಒಬ್ಬ ನೀರುಗಂಟಿ

ಒಂದೇ ಬೆಳಿಗ್ಗೆ ಒಂದೇ ಮನೆಯಿಂದ ನನಗೆ ಎರಡು ಫೋನ್ ಬಂದವು.

ಮೊದಲನೆಯದು ಅಕ್ಕನದು. ಅವಳಿರುವುದು ಶಿಡ್ಲಘಟ್ಟದ ಪಕ್ಕದ ಒಂದು ಹಳ್ಳಿಯಲ್ಲಿ. ಗಂಡ ಹೆಂಡತಿ ಇಬ್ಬರೂ ರೇಷ್ಮೆ ಹುಳ ಸಾಕುತ್ತಾರೆ. ನಾನು ಹಲೋ ಅನ್ನುವುದಕ್ಕೂ ಬಿಡದೆ ಶುರು ಮಾಡಿದಳು.

"ಲೇ, ತಿಂಡಿ ತಿಂದ್ಯೋ ಇಲ್ವೋ, ಮೊದ್ಲು ಬಸ್ ಹತ್ತು. ಇವಳು ನನ್ನ ಮಾತು ಕೇಳಲ್ಲ. ನೀನು ಮೇಡಮ್ಮು, ಮಕ್ಕಳಿಗೆ ಪಾಠ ಹೇಳ್ದೋಳು. ಬೇಡ ಕಣಮ್ಮ ಅಂತ ನೀನೇ ಹೇಳ್ಬಿಡು."

"ಆಯ್ತು ಬರ್ತೀನಿ" ಅಂದು ಫೋನ್ ಇಟ್ಟು ಒಗ್ಗರಣೆಗೆ ಸಾಸಿವೆ ಹಾಕಿದೆನೋ ಇಲ್ಲವೋ, ಎರಡನೆಯದು ಬಂತು. ಅಕ್ಕನ ಮಗಳದು. ಹಿತ್ತಲಲ್ಲಿ ನಿಂತು ಮಾತಾಡುತ್ತಿರಬೇಕು, ದನಿ ಪಿಸುಪಿಸು.

"ಚಿಕ್ಕಮ್ಮ, ನೀವು ಬರ್ಲೇಬೇಕು. ಅಮ್ಮ ನಿಮ್ಮ ಮಾತು ಕೇಳ್ತಾಳೆ. ಹೋಗ್ಲಿ ಬಿಡೇ ಅಂತ ಹೇಳಿ ಸಾಕು."

ಅವಳಿಗೂ "ಆಯ್ತು ಬರ್ತೀನಿ" ಅಂದೆ. ಕುಡುಮಲಕುಂಟೆಯ ಕಾರ್ಖಾನೆಯೊಂದರಿಂದ ನಿವೃತ್ತರಾಗಿ, ಈಗ ಗೌರಿಬಿದನೂರಿನ ನಮ್ಮ ಮನೆಯ ಜಗಲಿಯಲ್ಲಿ ಪೇಪರು ಓದುವುದನ್ನೇ ಡ್ಯೂಟಿ ಮಾಡಿಕೊಂಡಿರುವ ನಮ್ಮ ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ಎರಡೂ ಪಾರ್ಟಿ ಕಡೆಯಿಂದ ವಕಾಲತ್ತು ಹಾಕಿರೋ ಲಾಯರಮ್ಮ ನೀನೊಬ್ಬಳೇ ಇರ್ಬೇಕು" ಅಂದರು.

ವ್ಯಾಜ್ಯ ಏನೆಂದರೆ, ಅಕ್ಕನ ಮಗಳು ಎಂಜಿನಿಯರು. ಅಣುವಿದ್ಯುತ್ ಸ್ಥಾವರಗಳ ವಿನ್ಯಾಸ ಮಾಡುವ ಕಚೇರಿಯಲ್ಲಿ ಕೆಲಸ. ಅವಳ ತಂಡದವರು ಹೊಸ ಬಗೆಯದೊಂದನ್ನು ರೂಪಿಸುತ್ತಿದ್ದಾರೆ. ಪಂಪುಗಳು ಕಡಿಮೆ, ಕೊಳವೆಗಳು ಕಡಿಮೆ, ಅವಘಡವಾದರೆ ಯಂತ್ರದ ಸಹಾಯವಿಲ್ಲದೆ ತಾನೇ ತಣ್ಣಗಾಗುವಂಥದ್ದು. ಇಷ್ಟು ವರ್ಷ ಅವಳು ಮಾಡಿದ್ದೆಲ್ಲ ಕಂಪ್ಯೂಟರಿನ ಪರದೆಯ ಮೇಲೆ. ಈಗ ಅದನ್ನು ನಿಜವಾಗಿ ನೀರು ಹರಿಸಿ ಪರೀಕ್ಷಿಸಲು ದೂರದ ಸಮುದ್ರದ ದಡದಲ್ಲಿ ಗೋಪುರದಷ್ಟು ಎತ್ತರದ ಕೊಳವೆಗಳ ಮಾದರಿ ಕಟ್ಟಿದ್ದಾರಂತೆ. ಅಲ್ಲಿಗೆ ಬಾ ಅಂತ ಕರೆದಿದ್ದಾರೆ. ಮಾದರಿಯಲ್ಲಿ ಅಣು ಇಂಧನವಿಲ್ಲ, ಹೀಟರಿನಿಂದ ಕಾಯಿಸುತ್ತಾರೆ. ಆದರೆ ಅದರ ಪಕ್ಕದಲ್ಲೇ ಹಳೆಯ ಸ್ಥಾವರವೊಂದು ಓಡುತ್ತಿದೆ, ಮುಂದೆ ಹೊಸದನ್ನು ಕಟ್ಟುವುದೂ ಅಲ್ಲೇ. ಕೆಲವು ವರ್ಷ ಅಲ್ಲೇ ಇರಬೇಕು. ಬರುತ್ತೀಯೋ ಇಲ್ಲವೋ ಎಂದು ಸೋಮವಾರ ಹೇಳಬೇಕು. ಇವತ್ತು ಭಾನುವಾರ.

ಹುಡುಗಿಯದು ಒಂದೇ ಹಟ. ಅಮ್ಮ ಬಾಯಿ ತುಂಬ 'ಹೋಗ್ಬಾ' ಅಂದರೆ ಹೋಗುವುದು, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಗಳಲ್ಲಿ ಹೊರಟವರಿಗೆ ಯಾರೂ 'ಹೋಗು' ಅನ್ನುವುದಿಲ್ಲ. ಅಂಗಡಿಗೆ ಹೋಗುವವರಿಗೂ 'ಹೋಗ್ಬಾ'. ಹೋಗುವುದರ ಜೊತೆಗೆ ಬರುವುದನ್ನೂ ಕಟ್ಟಿ ಕಳಿಸಬೇಕು. ನನಗೆ ಫೋನಿನಲ್ಲಿ ಏನೇ ಅಂದರೂ ಮಗಳ ಮುಖಕ್ಕೆ ಅಕ್ಕ 'ಹೋಗ್ಬೇಡ' ಅಂತಲೂ ಅಂದಿರಲಿಲ್ಲ, 'ಹೋಗ್ಬಾ' ಅಂತಲೂ ಅಂದಿರಲಿಲ್ಲ. ಪಾತ್ರೆಗಳನ್ನು ಜೋರಾಗಿ ಇಡುತ್ತಿದ್ದಳು, ಅಷ್ಟೆ.

ಮಂಚೇನಹಳ್ಳಿ ದಾಟಿ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಹೋಗುವಷ್ಟೂ ಹೊತ್ತು ನಾನು ಪದಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟವಳಿಗೆ ಬೇರೇನು ಗೊತ್ತು? ಯಂತ್ರದ ಹಂಗಿಲ್ಲದ ಆ ಸುರಕ್ಷತೆಗೆ ವಿಜ್ಞಾನದ ಪುಸ್ತಕಗಳಲ್ಲಿ 'ನಿಷ್ಕ್ರಿಯ ಸುರಕ್ಷತೆ' ಎಂದು ಬರೆಯುತ್ತಾರೆ. ಸಂಧಿ ಬಿಡಿಸಿ ಹೇಳಿದರೆ ಅಕ್ಕನಿಗೆ ಅರ್ಥವಾಗದೆ ಇರುತ್ತದೆಯೇ ಅಂದುಕೊಂಡೆ.

ನಾನು ತಲುಪಿದಾಗ ಅಕ್ಕ ಹುಳದ ಮನೆಯ ಮುಂದೆ ಹಿಪ್ಪುನೇರಳೆ ಸೊಪ್ಪಿನ ಕಟ್ಟುಗಳನ್ನು ಬಿಚ್ಚಿ ತೆಳ್ಳಗೆ ಹರವಿ, ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದಳು. ಭಾವ ಅವಳ ಹಿಂದೆಯೇ ನಿಂತು ಬೈಸಿಕೊಳ್ಳುತ್ತಿದ್ದರು.

"ರಾಶಿ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಳಿ? ಒಳಗೆಲ್ಲ ಕಾವು ಹತ್ಕೊಂಡು ಬೆಂದೋಗುತ್ತೆ. ಬೆಂದ ಸೊಪ್ಪು ತಿಂದು ಹುಳಕ್ಕೆ ಏನಾದ್ರೂ ಆದ್ರೆ ನೀವು ಗೂಡು ಕಟ್ತೀರಾ?"

ಭಾವ ನನ್ನನ್ನು ನೋಡಿ ಬದುಕಿದೆ ಅನ್ನುವ ಮುಖ ಮಾಡಿದರು. "ಬಾಮ್ಮ, ಬಾ. ಇವತ್ತು ಮನೇಲಿ ಎಲ್ಲಾರ್ಗೂ ಒಂದೊಂದು ಸುತ್ತು ಆಗಿದೆ. ನಿಂದೊಂದು ಬಾಕಿ."

ಸಿಟ್ಟಿದ್ದಾಗ ಅಕ್ಕನ ಅಡುಗೆ ಇನ್ನೂ ಚೆನ್ನಾಗಿರುತ್ತದೆ. ಅವತ್ತು ಹುರುಳಿಕಾಳಿನ ಬಸ್ಸಾರು, ಬಿಸಿ ಮುದ್ದೆ. ನಡುಮನೆಯಲ್ಲಿ ಬುದ್ಧನ ಪುಟ್ಟ ಮೂರ್ತಿಯ ಎದುರು ನಾವು ನಾಲ್ವರೂ ಚಾಪೆ ಹಾಕಿ ಕೂತೆವು. ಮೊದಲ ತುತ್ತು ನುಂಗುವ ಮುಂಚೆಯೇ ಅಕ್ಕ ಪ್ರಶ್ನೆ ಎತ್ತಿದಳು. ಅವಳು ಕೇಳಿದ್ದು ಅದೊಂದೇ ಪ್ರಶ್ನೆ, ಎರಡು ವಾರದಿಂದ.

"ಕರೆಂಟು ಹೋದ್ರೆ ಏನೇ ಮಾಡ್ತೀರಾ?"

ಅದು ಹುರುಳಿಲ್ಲದ ಪ್ರಶ್ನೆಯಲ್ಲ. ದೂರದ ದೇಶದಲ್ಲಿ ಸಮುದ್ರ ಉಕ್ಕಿ ಬಂದು, ಕರೆಂಟು ಹೋಗಿ, ಪಂಪುಗಳು ನಿಂತು, ಸ್ಥಾವರದ ಮೇಲೆ ಹೊಗೆ ಎದ್ದ ಚಿತ್ರವನ್ನು ಅವಳು ಟೀವಿಯಲ್ಲಿ ನೋಡಿದ್ದಳು. ವರ್ಷಗಳಾದರೂ ಆ ಹೊಗೆ ಅವಳ ಕಣ್ಣಿಂದ ಹೋಗಿರಲಿಲ್ಲ.

"ಕರೆಂಟು ಮಾಡೋ ಜಾಗದಲ್ಲೇ ಕರೆಂಟು ಹೋಗುತ್ತೆ ಅಂದ್ಮೇಲೆ, ನಮ್ಮನೆ ಲೈನೇ ವಾಸಿ" ಅಂದಳು. "ಹೋದ್ರೂ ಹೊಗೆ ಬರಲ್ಲ."

ಮಗಳು ನನ್ನ ಕಡೆ ನೋಡಿದಳು. ನಾನು ಗಂಟಲು ಸರಿ ಮಾಡಿಕೊಂಡೆ. "ನೋಡಕ್ಕ, ಇವರು ಮಾಡ್ತಿರೋದು ಅಂಥದ್ದಲ್ಲ. ಇದರಲ್ಲಿ ನಿಷ್ಕ್ರಿಯ ಸುರಕ್ಷತೆ ಅಂತ ಇದೆ."

ಅಕ್ಕನ ಕೈ ಮುದ್ದೆಯ ಮೇಲೇ ನಿಂತಿತು.

"ಏನಂದೆ? ನಿಷ್ಕ್ರಿಯನಾ?"

"ಹೂಂ, ನಿಷ್ಕ್ರಿಯ."

"ಟೀವೀಲಿ ಬರುತ್ತಲ್ಲ, ಬಾಂಬ್ ನಿಷ್ಕ್ರಿಯ ದಳ ಅಂತ, ಆ ನಿಷ್ಕ್ರಿಯನಾ?"

"ಪದ ಅದೇ, ಆದ್ರೆ..."

"ಕೇಳಿದ್ರಾ?" ಅಕ್ಕ ಭಾವನ ಕಡೆ ತಿರುಗಿದಳು. "ಬಾಂಬ್ ಇಲ್ದೆ ಇದ್ರೆ ಆ ದಳದೋರು ಯಾಕೆ ಬರ್ತಾರೆ? ಎರಡು ವಾರದಿಂದ ಇವಳು ನನ್ನ ಹತ್ರ ಇದನ್ನ ಮುಚ್ಚಿಟ್ಟಿದ್ಲು. ನೀನು ಬಂದಿದ್ದು ಒಳ್ಳೇದಾಯ್ತು ಕಣೇ, ಬಾಯ್ಬಿಟ್ಟೆ."

ಹುಡುಗಿ ಹಣೆ ಒತ್ತಿಕೊಂಡಳು. "ಚಿಕ್ಕಮ್ಮ, ನಾನು ಹೋಗ್ಲಿ ಬಿಡೇ ಅಂತ ಹೇಳಿ ಸಾಕು ಅಂದಿದ್ದೆ."

ಭಾವ ಸಮಾಧಾನ ಮಾಡಲು ಬಂದರು. "ಅದಲ್ವೇ. ನಮ್ಮ ಬ್ಯಾಂಕ್ ಖಾತೆ ನಿಷ್ಕ್ರಿಯ ಆಗಿದೆ ಅಂದಿರ್ಲಿಲ್ವಾ, ಆ ಥರ." ಅದರಿಂದ ಇನ್ನೂ ಕೆಟ್ಟಿತು. ಆ ಖಾತೆಗೆ ಜೀವ ತುಂಬಿಸಲು ಅಕ್ಕ ಬ್ಯಾಂಕಿಗೆ ಅಲೆದದ್ದು ಅಷ್ಟಿಷ್ಟಲ್ಲ. ಸುರಕ್ಷತೆಯೂ ಹಾಗೆ ಸತ್ತು ಮಲಗಿದ್ದರೆ ಅದನ್ನು ಎಬ್ಬಿಸಲು ಫೋಟೋ, ಆಧಾರ್ ತೆಗೆದುಕೊಂಡು ಯಾರು ಓಡುತ್ತಾರೆ ಎಂದು ಕೇಳಿದಳು.

ನನ್ನ ಪದ ಅಲ್ಲಿಗೆ ಮಣ್ಣಾಯಿತು. ಮಗಳು ತಟ್ಟೆ ಪಕ್ಕಕ್ಕಿಟ್ಟು, ಅಮ್ಮನ ಎದುರಿಗೆ ತಿರುಗಿ ಕೂತು ತಾನೇ ಶುರು ಮಾಡಿದಳು.

"ಅಮ್ಮ, ಸುಮ್ನೆ ಕೇಳು. ಹಳೇದ್ರಲ್ಲಿ ತಣ್ಣಗೆ ಮಾಡೋಕೆ ಪಂಪ್ ಬೇಕು. ಪಂಪಿಗೆ ಕರೆಂಟ್ ಬೇಕು. ಕರೆಂಟ್ ಹೋದ್ರೆ ಜನರೇಟರ್ ಬೇಕು. ಅದು ಕೆಟ್ರೆ ಇನ್ನೊಂದು ಜನರೇಟರ್. ನಾವು ಅವನ್ನೆಲ್ಲ ಎಷ್ಟಾಗುತ್ತೋ ಅಷ್ಟು ಕಡಿಮೆ ಮಾಡ್ತಿದೀವಿ."

"ಸಾಮಾನು ಕಡಿಮೆ ಹಾಕಿ ಕಟ್ತಿದೀರಾ?"

"ಹೂಂ."

"ನಮ್ಮೂರ ಚರಂಡಿ ಕಾಂಟ್ರಾಕ್ಟರೂ ಅದನ್ನೇ ಮಾಡಿದ್ದು. ಮೊದಲನೇ ಮಳೆಗೇ ಕಿತ್ಕೊಂಡೋಯ್ತು."

"ಅವನು ಇರ್ಬೇಕಾದ್ದನ್ನ ಹಾಕ್ಲಿಲ್ಲ. ನಾವು ಬೇಡದ್ದನ್ನ ತೆಗೀತಿದೀವಿ. ಇಲ್ದೇ ಇರೋ ಪಂಪು ಕೆಡಲ್ವಲ್ಲಮ್ಮ!"

ಈ ಮಾತಿಗೆ ಭಾವ ತಲೆಯಾಡಿಸಿದರು. ಅಕ್ಕ ದುರುಗುಟ್ಟಿ ನೋಡಿದ ಮೇಲೆ ಆಡಿಸುವುದನ್ನು ನಿಲ್ಲಿಸಿದರು.

"ಸರಿ ಕಣೇ, ಆರಿಸ್ಬಿಟ್ರೆ ಆಯ್ತಲ್ಲ. ಸ್ವಿಚ್ ಆಫ್ ಮಾಡಿದ್ಮೇಲೆ ಇನ್ನೆಂಥ ತಣ್ಣಗೆ ಮಾಡೋದು? ಒಲೆ ಆರಿಸಿದ್ಮೇಲೆ ಯಾರಾದ್ರೂ ಪಾತ್ರೆ ಮೇಲೆ ನೀರು ಹೊಯ್ಕೊಂಡು ಕೂತ್ಕೋತಾರಾ?"

ಹುಡುಗಿ ಬಾಗಿಲಾಚೆ ಕೈ ತೋರಿಸಿದಳು. "ಆ ಸೊಪ್ಪಿನ ರಾಶಿಗೆ ಯಾರು ಬೆಂಕಿ ಇಟ್ಟಿದ್ರು?"

"ಯಾರೂ ಇಡಲ್ಲ. ರಾಶಿ ಹಾಕಿದ್ರೆ ಒಳಗೇ ಕಾವು ಬರುತ್ತೆ."

"ಆ ಕಾವಿಗೆ ಸ್ವಿಚ್ ಎಲ್ಲಿದೆ, ಆರಿಸು."

ಅಕ್ಕ ಕೈಯಲ್ಲಿದ್ದ ತುತ್ತನ್ನು ಬಸ್ಸಾರಿನಲ್ಲಿ ಅದ್ದಿ ನಿಧಾನವಾಗಿ ನುಂಗಿದಳು. ಕಾವು ಎಂದರೇನು ಎಂದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಇದೂ ಹಂಗೇ ಅಮ್ಮ. ಉರಿ ನಿಲ್ಲಿಸಿದ್ರೂ ಇಂಧನದೊಳಗೆ ಕಾವು ಇರುತ್ತೆ. ದಿನದಿನಕ್ಕೂ ಇಳಿಯುತ್ತೆ, ಆದ್ರೆ ಒಂದೇ ಸಲ ಹೋಗಲ್ಲ. ಅದು ಇಳಿಯೋ ತನಕ ನೀರು ಬೇಕು. ಅದಕ್ಕೇ ನಾವು ಒಲೆಗಿಂತ ಮೇಲೆ ದೊಡ್ಡ ತೊಟ್ಟಿ ಇಟ್ಟು ನೀರು ತುಂಬಿರ್ತೀವಿ. ತೊಟ್ಟಿ ಬಾಗಿಲು ಮುಚ್ಚಿ ಹಿಡ್ಕೊಂಡಿರೋದೇ ಕರೆಂಟು. ಕರೆಂಟು ಹೋಯ್ತಾ, ಬಾಗಿಲು ತಾನೇ ಬಿಟ್ಕೊಳುತ್ತೆ. ನೀರು ಕೆಳಗೆ ಇಳಿಯುತ್ತೆ. ಬಿಸಿಯಾಗಿ ಆವಿಯಾಗಿ ಮೇಲೆ ಹೋಗುತ್ತೆ, ತಣ್ಣಗಿರೋ ಗೋಡೆಗೆ ತಾಗಿ ಮತ್ತೆ ನೀರಾಗಿ ಇಳಿಯುತ್ತೆ. ಯಾರೂ ತಳ್ಳೋದು ಬೇಡ."

"ಎಷ್ಟು ದಿನ?"

"ಮೂರು ದಿನ ಯಾರೂ ಕೈ ಹಾಕ್ಬೇಕಾಗಿಲ್ಲ ಅನ್ನೋ ಲೆಕ್ಕದಲ್ಲಿ ಮಾಡ್ತಿದೀವಿ."

"ನಾಲ್ಕನೇ ದಿನ?"

ಹುಡುಗಿ ಸ್ವಲ್ಪ ತಡವರಿಸಿದಳು. "ಅಷ್ಟೊತ್ತಿಗೆ ಕಾವು ತುಂಬಾ ಇಳಿದಿರುತ್ತೆ. ಹೊರಗಿಂದ ನೀರು ತಂದು ತೊಟ್ಟಿ ತುಂಬಿಸ್ಬೇಕು."

"ಹೊರಗಿಂದ ಅಂದ್ರೆ?"

"ಸಣ್ಣ ಪಂಪೋ... ಟ್ಯಾಂಕರೋ."

"ಅಲ್ಲಿಗೂ ಟ್ಯಾಂಕರ್ರೇ!" ಅಕ್ಕ ಮನೆ ಹಾರಿಹೋಗುವ ಹಾಗೆ ನಕ್ಕಳು. ಬೇಸಿಗೆಯಲ್ಲಿ ಟ್ಯಾಂಕರಿನವನಿಗೆ ಫೋನ್ ಮಾಡಿ ಮಾಡಿ ಸಾಕಾದವಳ ನಗು ಅದು. "ಬೇಗ ಬುಕ್ ಮಾಡ್ಕೊಳ್ರಮ್ಮ. ಇವತ್ತು ಹೇಳಿದ್ರೆ ನಾಡಿದ್ದು ಬರ್ತಾನೆ."

ಸರಿಯಾಗಿ ಆಗಲೇ ನಮ್ಮ ತಲೆಯ ಮೇಲಿನ ಫ್ಯಾನು ಸುಸ್ತಾದ ಹಾಗೆ ನಿಂತಿತು. ಕರೆಂಟು ಹೋಯಿತು.

ಹುಡುಗಿಯ ಮುಖ ಅರಳಿತು. ಪರೀಕ್ಷೆಯಲ್ಲಿ ತಾನು ಓದಿಕೊಂಡ ಪ್ರಶ್ನೆಯೇ ಬಂದವರ ಹಾಗೆ ತಟಕ್ಕನೆ ಎದ್ದಳು. "ಬಾ ಅಮ್ಮ, ತೋರಿಸ್ತೀನಿ. ಈಗ ನಮ್ಮನೇಲಿ ಕರೆಂಟಿಲ್ಲ. ಸಂಪಿನ ಮೋಟ್ರು ಓಡಲ್ಲ. ಕೆಳಗಿರೋ ನೀರು ಇದ್ದೂ ಇಲ್ದಂಗೆ. ಆದ್ರೆ ಮೇಲಿನ ಟ್ಯಾಂಕಿನ ನೀರು?"

"ಬರುತ್ತೆ."

"ಯಾಕೆ ಬರುತ್ತೆ?"

"ಮೇಲಿದೆ ಬರುತ್ತೆ. ಅದೇನು ಕೇಳೋ ಮಾತು."

"ಅಷ್ಟೇ ನಮ್ಮ ಡಿಸೈನು!" ಎನ್ನುತ್ತ ಹಿತ್ತಲ ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

ನಲ್ಲಿ ಸುಯ್ ಅಂದಿತು. ಒಳಗೆಲ್ಲೋ ಗೊರಗೊರ ಅಂದಿತು. ಒಂದು ಹನಿ ಬಂತು, ಅದೂ ತುದಿಯಲ್ಲಿ ತೂಗಾಡಿ ನಿಂತಿತು. ಆಮೇಲೆ ಏನೂ ಇಲ್ಲ.

ನಾವು ಮೂವರು ಹೆಂಗಸರು ಮುದ್ದೆ ಅಂಟಿದ ಬಲಗೈಯನ್ನು ಗಾಳಿಯಲ್ಲಿ ಹಿಡಿದುಕೊಂಡು ಆ ಹನಿಯನ್ನೇ ನೋಡುತ್ತ ನಿಂತೆವು. ಭಾವ ಹಿಂದಿನಿಂದ ಬಂದು ತಾವೂ ಕೈ ಹಿಡಿದುಕೊಂಡು ಸೇರಿಕೊಂಡರು.

"ನೋಡಿದ್ಯಾ" ಅಂದಳು ಅಕ್ಕ, ನಿಧಾನವಾಗಿ, ರುಚಿ ನೋಡುವವಳ ಹಾಗೆ. "ನೋಡಿದ್ಯಾ ನಿನ್ನ ನಿಷ್ಕ್ರಿಯನ."

"ಟ್ಯಾಂಕು ತುಂಬಿಸಿಲ್ವಾ ಅಮ್ಮ?"

"ಬೆಳಿಗ್ಗೆಯಿಂದ ನಿನ್ನ ಜೊತೆ ಜಗಳ ಆಡೋದೇ ಆಯ್ತು. ಮೋಟ್ರು ಹಾಕೋಕೆ ಎಲ್ಲಿ ನೆನಪಿತ್ತು?"

ಕೊಡದಲ್ಲಿದ್ದ ನೀರಿನಿಂದ ನಾನು ಎಲ್ಲರ ಕೈಗೂ ಹುಯ್ದೆ. ಅಕ್ಕ ನಗುತ್ತಲೇ ಇದ್ದಳು. ಭಾವನಿಗೂ ನಗು ಬಂತು, ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡರು. ನಗದೆ ಇದ್ದವಳು ಹುಡುಗಿ ಒಬ್ಬಳೇ. ಕೈ ಒರೆಸಿಕೊಳ್ಳದೆ ಮೆಟ್ಟಿಲು ಹತ್ತಿ ತಾರಸಿಗೆ ಹೋದಳು. ಅಳುತ್ತಾಳೇನೋ ಎಂದು ನಾನು ಹಿಂದೆಯೇ ಹೋದೆ. ನಾನು ಹೋದೆ ಎಂದು ಅಕ್ಕ ಬಂದಳು.

ಅವಳು ಅಳುತ್ತಿರಲಿಲ್ಲ. ಕಪ್ಪು ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡುತ್ತಿದ್ದಳು. ತಳದಲ್ಲಿ ಪಾಚಿಯ ಜೊತೆ ಅಂಗೈಯಷ್ಟು ನೀರಿತ್ತು. ಆಮೇಲೆ ಪಕ್ಕದ ಸೋಲಾರ್ ಮೇಲೆ ಕೈಯಿಟ್ಟು ನಿಂತಳು. ನಮ್ಮ ಸೀಮೆಯ ತಾರಸಿಗಳಲ್ಲಿ ಸಾಮಾನ್ಯವಾಗಿ ಇರುವಂಥದ್ದೇ. ಕೆಳಗೆ ಬಿಸಿಲಿಗೆ ಒಡ್ಡಿದ ಕೊಳವೆಗಳು, ಮೇಲೆ ಅಡ್ಡಡ್ಡ ಮಲಗಿಸಿದ ಬಿಳಿ ತೊಟ್ಟಿ.

"ಇದರಲ್ಲೂ ಮೋಟ್ರಿಲ್ಲ" ಅಂದಳು, ನಮಗೆ ಹೇಳುತ್ತಿದ್ದಾಳೋ ತನಗೋ ತಿಳಿಯದ ಹಾಗೆ. "ಬಿಸಿ ನೀರು ಹಗುರ, ತಾನೇ ಮೇಲೆ ಹೋಗುತ್ತೆ. ತಣ್ಣೀರು ಭಾರ, ತಾನೇ ಇಳಿಯುತ್ತೆ. ನಾವು ದಿನಾ ಸ್ನಾನ ಮಾಡೋದೇ ಅದರಲ್ಲಿ." ಆಮೇಲೆ ಅಮ್ಮನ ಕಡೆ ತಿರುಗಿದಳು. "ನೀನು ನಕ್ಕಿದ್ದು ಸರಿ ಅಮ್ಮ. ಟ್ಯಾಂಕು ತುಂಬಿದೆ ಅಂತ ನಾನು ನಂಬ್ಕೊಂಡೆ, ಹತ್ತಿ ನೋಡ್ಲಿಲ್ಲ. ಅಲ್ಲಿ ಹಂಗಾಗ್ಬಾರ್ದು. ಅದಕ್ಕೇ ನಾನು ಹೋಗ್ಬೇಕಿರೋದು."

"ಯಾತಕ್ಕೆ?"

"ಹತ್ತಿ ನೋಡೋಕೆ. ತೊಟ್ಟಿ ತುಂಬಿದೆಯಾ, ಬಾಗಿಲು ಬಿಟ್ಕೊಳುತ್ತಾ, ಕೊಳವೇಲಿ ಗಾಳಿ ಹಿಡ್ಕೊಂಡಿದೆಯಾ. ಪಂಪಿದ್ರೆ ಸಣ್ಣಪುಟ್ಟ ತಡೆ ಇದ್ರೂ ದಬ್ಬುತ್ತೆ. ಇಲ್ಲಿ ದಬ್ಬೋರಿಲ್ಲ. ನೀರು ತನ್ನ ಭಾರಕ್ಕೆ ತಾನೇ ಬರ್ಬೇಕು, ಒಂದು ಗುಳ್ಳೆ ಗಾಳಿ ಸಾಕು ನಿಲ್ಲೋಕೆ. ಯಾರೂ ಕೈ ಹಾಕ್ಬೇಕಾಗಿಲ್ಲ ಅನ್ನೋದು ಆ ಮೂರು ದಿನಕ್ಕೆ. ಅದಕ್ಕಿಂತ ಮುಂಚಿನ ಅಷ್ಟೂ ವರ್ಷ ಯಾರಾದ್ರೂ ನೋಡ್ತಾನೇ ಇರ್ಬೇಕು."

ಬಿಸಿಲು ಚುರುಗುಟ್ಟುತ್ತಿತ್ತು. ನಾವು ಟ್ಯಾಂಕಿನ ನೆರಳಿಗೆ ಸರಿದು ಕೂತೆವು. ದೂರದಲ್ಲಿ ಊರ ಕೆರೆ ಕಾಣುತ್ತಿತ್ತು. ಅದರ ಏರಿ, ಏರಿಯ ಒಂದು ತುದಿಯಲ್ಲಿ ಕಲ್ಲು ಕಟ್ಟಿದ ಕೋಡಿ. ಅದನ್ನು ನೋಡಿದ ಕೂಡಲೇ ಬೆಳಗಿನಿಂದ ಬಸ್ಸಿನಲ್ಲಿ ಕೂತು ಹುಡುಕಿದ ಪದ ನನ್ನ ನಾಲಿಗೆಯ ಮೇಲೆ ಬಂದು ಕೂತಿತು.

"ಅಕ್ಕ, ನಿಷ್ಕ್ರಿಯ ಅಂದಿದ್ದು ನನ್ನ ತಪ್ಪು ಕಣೇ. ಇದು ಕೋಡಿ."

"ಏನು ಕೋಡಿ?"

"ಕೆರೆ ತುಂಬಿ ಏರಿಗೆ ಅಪಾಯ ಬಂದಾಗ ಕೋಡಿ ಬಾಗಿಲನ್ನ ಯಾರಾದ್ರೂ ತೆಗೀತಾರಾ? ಬಾಗಿಲೇ ಇಲ್ಲ. ಮಟ್ಟ ಮೀರಿದ ನೀರು ಅದರ ಮೇಲಿಂದ ತಾನೇ ಹೋಗುತ್ತೆ, ಏರಿ ಉಳಿಯುತ್ತೆ. ಊರೆಲ್ಲ ನಿದ್ದೆ ಮಾಡ್ತಿದ್ರೂ ಹೋಗುತ್ತೆ. ತಾತ ಏನಂತಿದ್ರು ನೆನಪಿದ್ಯಾ?"

ಅಕ್ಕನ ತುಟಿ ತಾನಾಗಿ ಅಲ್ಲಾಡಿತು. "ದಾನಂತಟ ಅದೇ ಪೋತುಂದಿ."

ನಾವು ಹುಟ್ಟಿದ್ದು ತೊಂಡೇಬಾವಿಯ ಆಚೆಯ ಹಳ್ಳಿ. ತಾತ ಅರ್ಧ ಕನ್ನಡ, ಅರ್ಧ ತೆಲುಗು ಬೆರೆಸಿ ಮಾತಾಡುತ್ತಿದ್ದರು, ನಾನು ಭಾಷೆ ಕಲಿತದ್ದು ಆ ಬಾಯಿಂದಲೇ. ಅದರಷ್ಟಕ್ಕೆ ಅದೇ ಹೋಗುತ್ತೆ ಎಂದು ಅವರು ಹೇಳುತ್ತಿದ್ದದ್ದು ಹಾಗೆ. ತಾತನ ಕೆಲಸ ಏನಾಗಿತ್ತು ಎಂಬ ಮಾತು ಮಾತ್ರ ನನ್ನ ಬಾಯಿಗೆ ಬಂದು ನಿಂತಿತು. ಅಕ್ಕನ ಎದುರು ಆ ಪದವನ್ನು ನಾವು ಯಾರೂ ಆಡುವುದಿಲ್ಲ. ಕೆರೆಯ ತೂಬು ಎತ್ತಿ, ಗದ್ದೆ ಗದ್ದೆಗೂ ಸರದಿಯ ಮೇಲೆ ನೀರು ಬಿಡುವ ಚಾಕರಿ ನಮ್ಮ ಮನೆತನಕ್ಕೆ ಅಂಟಿಕೊಂಡದ್ದು. ಗದ್ದೆಗಳು ನಮ್ಮವಲ್ಲ, ನೀರು ಬಿಡುವ ಕೆಲಸ ಮಾತ್ರ ನಮ್ಮದು. ಶಾಲೆಯಲ್ಲಿ ಅಕ್ಕನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಆ ಚಾಕರಿಯ ಹೆಸರಿನಿಂದಲೇ ಕರೆಯುತ್ತಿದ್ದರು. ಏಳನೆಯ ಕ್ಲಾಸಿಗೆ ಅವಳು ಶಾಲೆ ಬಿಟ್ಟಳು. ಮಗಳನ್ನು ಓದಿಸಿದ್ದೇ ಆ ಹೆಸರು ಕಿವಿಗೆ ಬೀಳದಷ್ಟು ದೂರ ಕಳಿಸಲಿಕ್ಕೆ.

ಅಕ್ಕನೇ ಕೆರೆಯ ಕಡೆ ನೋಡುತ್ತ ಶುರು ಮಾಡಿದಳು.

"ಒಂದು ಸಲ ಮಳೆ ಹಿಡ್ಕೊಂಡಿತ್ತು. ನೀನಾಗ ಇನ್ನೂ ತೊಟ್ಲಲ್ಲಿದ್ದೆ. ಗದ್ದೆ ಇದ್ದೋರು ಇನ್ನೊಂದು ಮೊಳ ನೀರು ನಿಲ್ಲಲಿ ಅಂತ ಕೋಡಿ ಮೇಲೆ ಮರಳು ಮೂಟೆ ಪೇರಿಸ್ಬಿಟ್ಟಿದ್ರು. ತಾತ ನನ್ನ ಕರ್ಕೊಂಡು ಹೋಗಿ ಒಂದೊಂದೇ ಮೂಟೆ ಎಳೆದು ಹಾಕಿದ್ರು. ಅವರು ಬಂದು ಬೈದ್ರು. ನೀರು ಬಿಡೋನು ನೀನು, ನೀರು ಇಡೋರು ನಾವು, ಅಂದ್ರು. ತಾತ ತಲೆ ತಗ್ಗಿಸ್ಕೊಂಡು ಎಳೀತಾನೇ ಇದ್ರು. ನಂಗೆ ತಾತ ತಲೆ ತಗ್ಗಿಸಿದ್ದೇ ಕಂಡಿದ್ದು. ಏರಿ ಉಳೀತು ಅನ್ನೋದು ಕಾಣ್ಲೇ ಇಲ್ಲ ನೋಡು, ಇಷ್ಟು ವರ್ಷ."

ಮಗಳು ಹತ್ತಿರ ಸರಿದು ಕೇಳುತ್ತಿದ್ದಳು. ಈ ಕಥೆಯನ್ನು ಅವಳೂ ಮೊದಲ ಸಲ ಕೇಳುತ್ತಿದ್ದದ್ದು.

"ಅಂದ್ರೆ," ಅಕ್ಕ ಅವಳ ಕಡೆ ತಿರುಗಿದಳು, "ಇಷ್ಟು ಓದಿ, ಇಷ್ಟು ದೂರ ಹೋಗಿ, ನೀನು ಮಾಡೋಕೆ ಹೊರಟಿರೋದು ನೀರುಗಂಟಿ ಕೆಲಸ ಅನ್ನು."

ಪದ ಬಂದೇಬಿಟ್ಟಿತು. ನಾನು ಹುಡುಗಿಯ ಮುಖ ನೋಡಿದೆ, ಹುಡುಗಿ ನನ್ನ ಮುಖ ನೋಡಿದಳು. ಅಕ್ಕನಿಗೆ ಸಿಟ್ಟು ಬಂದಿದೆಯೋ ಏನೋ ಇಬ್ಬರಿಗೂ ತಿಳಿಯಲಿಲ್ಲ.

"ಹೂಂ ಅಮ್ಮ" ಅಂದಳು ಹುಡುಗಿ. "ಅದೇ."

"ಒಂದು ಕೇಳ್ತೀನಿ, ನಿಜ ಹೇಳು. ಅಲ್ಲಿ ಯಾರಾದ್ರೂ ಮರಳು ಮೂಟೆ ಇಟ್ರೆ, ತೆಗೀರಿ ಅಂತ ನೀನು ಹೇಳಿದ್ರೆ ಕೇಳ್ತಾರಾ? ಇಲ್ಲಾ, ನೀನೂ ತಲೆ ತಗ್ಗಿಸ್ಕೊಂಡು ಎಳೀಬೇಕಾ?"

ಎರಡು ವಾರದಿಂದ ಅವಳು ಕೇಳಿದ್ದು ಕರೆಂಟಿನ ಪ್ರಶ್ನೆ. ಅದರ ಅಡಿಯಲ್ಲಿ ಇದ್ದದ್ದು ಇದು.

ಹುಡುಗಿ ಅವಸರ ಮಾಡಲಿಲ್ಲ. "ಒಂದು ನಡೆದಿದ್ದು ಹೇಳ್ತೀನಿ. ನಮ್ಮ ಡ್ರಾಯಿಂಗಲ್ಲಿ ಒಂದು ಕೊಳವೆ ಗೋಡೆ ತಪ್ಪಿಸೋಕೆ ಸ್ವಲ್ಪ ಮೇಲೆದ್ದು ಮತ್ತೆ ಇಳೀತಿತ್ತು, ಒಂಟೆ ಬೆನ್ನಿನ ಥರ. ಅಲ್ಲಿ ಗಾಳಿ ಕೂತ್ಕೊಳುತ್ತೆ ಅಂದೆ."

"ನಮ್ಮ ಡ್ರಿಪ್ ಪೈಪಲ್ಲಿ ಕೂತ್ಕೊಳುತ್ತಲ್ಲ, ಹಂಗೆ."

"ಅದನ್ನ ನೋಡಿದ್ದಕ್ಕೇ ನಂಗೆ ಹೊಳೆದಿದ್ದು. ದೊಡ್ಡೋರೆಲ್ಲ ಮೊದ್ಲು ನಕ್ರು. ಆಮೇಲೆ ಒಬ್ರು ಬಗ್ಗಿ ನೋಡಿದ್ರು. ಆಮೇಲೆ ಎಲ್ಲಾರೂ ನೋಡಿದ್ರು. ಬದಲಾಯಿಸಿದ್ರು ಅಮ್ಮ. ಅಲ್ಲಿಗೆ ಬಾ ಅಂತ ಕರೆದಿರೋದು ಬಗ್ಗಿ ನೋಡಿದ್ರಲ್ಲ, ಅವರೇ. ಅಪಾಯಾನೇ ಇಲ್ಲ ಅಂತ ನಾನು ನಿಂಗೆ ಸುಳ್ಳು ಹೇಳಲ್ಲ. ಆದ್ರೆ ಅಲ್ಲಿ ನಾನು ಬೇಡ ಅಂದ್ರೆ ಪರೀಕ್ಷೆ ನಿಲ್ಲಿಸ್ಬೇಕು, ಅದು ಅಲ್ಲಿನ ನಿಯಮ. ನಾನು ತಲೆ ತಗ್ಗಿಸೋದು ಕೊಳವೆ ನೋಡೋಕೆ ಮಾತ್ರ."

ಅಕ್ಕ ಸೆರಗಿನ ತುದಿಯಿಂದ ಟ್ಯಾಂಕಿನ ಮುಚ್ಚಳದ ಧೂಳು ಒರೆಸಿದಳು. ಆಮೇಲೆ ಇದ್ದಕ್ಕಿದ್ದ ಹಾಗೆ ನಕ್ಕಳು. ಕೆಳಗೆ ನಲ್ಲಿಯ ಮುಂದೆ ನಕ್ಕ ನಗು ಅಲ್ಲ ಅದು.

"ನೀರುಗಂಟಿ ಮೊಮ್ಮಗಳು ಅನ್ನಿಸ್ಕೊಂಡೆ. ಈಗ ನೀರುಗಂಟಿ ಅಮ್ಮ ಅನ್ನಿಸ್ಕೋಬೇಕು. ಮಧ್ಯದಲ್ಲಿ ನಾನೊಬ್ಬಳೇ ತೂಬು ಮುಟ್ದೇ ಇರೋಳು."

"ಮುಟ್ಟಿದ್ದಿದ್ರೆ ಬೆಳಿಗ್ಗೆ ಟ್ಯಾಂಕು ತುಂಬಿರ್ತಿತ್ತು" ಅಂದೆ ನಾನು.

"ಸುಮ್ನಿರೇ, ನಿಷ್ಕ್ರಿಯ!" ಅಂದಳು. ಅವತ್ತಿನಿಂದ ನಮ್ಮ ಬಳಗದಲ್ಲಿ ನನಗೆ ಅದೇ ಅಡ್ಡಹೆಸರು.

ಕೆಳಗಡೆ ಫ್ಯಾನು ತಿರುಗುವ ಸದ್ದು ಕೇಳಿತು. ಕರೆಂಟು ಬಂದಿತ್ತು. ಅಕ್ಕ ಅಲ್ಲಿಂದಲೇ ಕೂಗಿ ಭಾವನಿಗೆ ಮೋಟರು ಹಾಕಿಸಿದಳು. ನಾವು ಮೂವರೂ ಏಳಲಿಲ್ಲ. ಟ್ಯಾಂಕಿಗೆ ಬೆನ್ನು ಕೊಟ್ಟು, ಒಳಗೆ ನೀರು ಬೀಳುವ ಸದ್ದು ಮೊದಲು ದೊಡ್ಡದಾಗಿ, ತುಂಬುತ್ತ ತುಂಬುತ್ತ ಸಣ್ಣದಾಗುವುದನ್ನು ಕೇಳುತ್ತ ಕೂತೆವು. ಬೆನ್ನಿಗೆ ತಂಪು ಹತ್ತುತ್ತಿತ್ತು. ಮಾತು ಹುಳದ ಕಡೆಗೆ, ಗೂಡಿನ ರೇಟಿನ ಕಡೆಗೆ, ಸಮುದ್ರದ ದಡದಲ್ಲಿ ರಾಗಿ ಹಿಟ್ಟು ಸಿಗುತ್ತದೋ ಇಲ್ಲವೋ ಎಂಬ ಕಡೆಗೆ ಹೋಯಿತು. ರಾಗಿಯ ಮಾತು ಬಂದ ಕೂಡಲೇ ಹುಡುಗಿ ನನ್ನ ಕೈ ಅದುಮಿದಳು. ಬೇಡ ಅನ್ನುವವರು ಹಿಟ್ಟಿನ ಯೋಚನೆ ಮಾಡುವುದಿಲ್ಲ.

ಹಾಗೆ ಕೂತಿದ್ದಾಗ ಟ್ಯಾಂಕಿನ ಪಕ್ಕದ ಸಣ್ಣ ಕೊಳವೆಯಿಂದ ನೀರು ಧಾರೆಯಾಗಿ ಧುಮುಕಿ ನಮ್ಮ ಸೀರೆಗಳನ್ನೆಲ್ಲ ತೋಯಿಸಿತು. ಟ್ಯಾಂಕು ತುಂಬಿ ಹೆಚ್ಚಾಗಿತ್ತು. ಅಕ್ಕ ಎದ್ದು, ಒದ್ದೆ ಸೆರಗು ಹಿಂಡಿಕೊಳ್ಳುತ್ತ, ಇಡೀ ಬೀದಿಗೆ ಕೇಳುವಂತೆ ಕೂಗಿದಳು.

"ಕೋಡಿ ಬಿತ್ತು ರೀ! ಮೋಟ್ರು ಆಫ್ ಮಾಡಿ!"

ಪಕ್ಕದ ಮನೆಯಾಕೆ ತನ್ನ ತಾರಸಿಯಿಂದ ಇಣುಕಿ, "ಯಾವ ಕೆರೆ ಕೋಡಿ ಬಿತ್ತಕ್ಕಾ?" ಎಂದು ಕೇಳಿದಳು. "ನಮ್ಮನೇದು!" ಅಂದಳು ಅಕ್ಕ.

ಸೋಮವಾರ ಹುಡುಗಿ ಬರುತ್ತೇನೆಂದು ಹೇಳಿದಳು. ಹೊರಡುವ ದಿನ ನಾನೂ ಯಜಮಾನರೂ ಹೋಗಿದ್ದೆವು. ಅಕ್ಕ ರಾಗಿ ಹಿಟ್ಟನ್ನು ಎರಡು ಡಬ್ಬದಲ್ಲಿ ತುಂಬಿ, ಹುರುಳಿಕಾಳು ಕಟ್ಟಿ, ಬಾಗಿಲವರೆಗೂ ಬಂದು, ಮಗಳ ತಲೆ ನೇವರಿಸಿ ಬಾಯಿ ತುಂಬ ಹೇಳಿದಳು, "ಹೋಗ್ಬಾ ಕಂದ." ಹುಡುಗಿ ಗೇಟು ದಾಟಿದ ಮೇಲೆ ಮತ್ತೊಮ್ಮೆ, ಅಷ್ಟು ಗಟ್ಟಿಯಾಗಿ ಅಲ್ಲ, ತನ್ನಷ್ಟಕ್ಕೆ, "ಹೋಗ್ಬಾ" ಅಂದಳು.

ಈಗ ಹುಡುಗಿ ಅಲ್ಲಿ, ನಾವು ಇಲ್ಲಿ. ಸಂಜೆ ಮೂವರೂ ಒಂದೇ ಕಾಲ್‌ನಲ್ಲಿ ಸೇರುತ್ತೇವೆ. ಅಕ್ಕ ಮೊದಲಿನ ಹಾಗೆ ಊಟ ಆಯ್ತಾ ಎಂದು ಶುರು ಮಾಡುವುದಿಲ್ಲ. ಹುಳಕ್ಕೆ ಸಂಜೆಯ ಸೊಪ್ಪು ಹಾಕಿ, ತಾರಸಿಗೆ ಹೋಗಿ ತನ್ನ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ, ಅಲ್ಲಿಂದಲೇ ಫೋನ್ ಮಾಡುತ್ತಾಳೆ. ಮೊನ್ನೆಯೂ ಹಾಗೇ.

"ಏನೇ ನೀರುಗಂಟಿ, ತೊಟ್ಟಿ ತುಂಬಿದ್ಯಾ?"

"ತುಂಬಿದೆ ಅಮ್ಮ."

"ಯಾರೋ ಹೇಳಿದ್ದಾ, ನೀನೇ ಹತ್ತಿ ನೋಡಿದ್ದಾ?"

"ನಾನೇ ಹತ್ತಿ ನೋಡ್ದೆ."

"ಹಂಗಾದ್ರೆ ಊಟ ಮಾಡು ಹೋಗು" ಅಂದಳು ಅಕ್ಕ. ತಕ್ಷಣ ನಾಲಿಗೆ ಕಚ್ಚಿಕೊಂಡು ತಿದ್ದಿಕೊಂಡಳು. "ಹೋಗ್ಬಾ."